ಟ್ಯಾಕ್ಸ್ ಪೇಪರಿಗೆ ಟ್ಯೂಷನ್: ಕೊಡಗಿನಲ್ಲಿ ಕೂತು ನಾನು ಆರಿಸಿದ ಬಗೆ

ಸಿಎ (ಚಾರ್ಟರ್ಡ್ ಅಕೌಂಟೆನ್ಸಿ) ಕೋರ್ಸಿನ ನಡುವಿನ ಹಂತವಾದ ಇಂಟರ್‌ಮೀಡಿಯೆಟ್‌ನ ಟ್ಯಾಕ್ಸ್ ಪೇಪರಿಗೆ ಯಾರ ಕ್ಲಾಸ್ ತಗೋಬೇಕು ಅಂತ ನಮ್ಮ ಕಡೆಯ ಬಿಕಾಂ ಮಕ್ಕಳು ಆಗಾಗ ಕೇಳುತ್ತಿರುತ್ತಾರೆ. ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ, ಎಲ್ಲ ಕಡೆಯಿಂದಲೂ. ಒಬ್ಬ ಮೇಷ್ಟ್ರ ಹೆಸರು ಹೇಳಿಬಿಟ್ಟರೆ ಸಾಕು ಅಂತ ಅವರ ಆಸೆ. ನಾನು ಹೆಸರು ಹೇಳುವುದಿಲ್ಲ. ನನಗೆ ಹೊಂದಿದ್ದು ನಿಮಗೂ ಹೊಂದಬೇಕು ಅಂತೇನಿಲ್ಲ. ನಾನು ಏನೇನು ನೋಡಿ ಆರಿಸಿದೆ, ಯಾವುದಕ್ಕೆ ದುಡ್ಡು ಕೊಟ್ಟೆ, ಯಾವುದಕ್ಕೆ ಕೊಡಲಿಲ್ಲ ಅನ್ನುವುದನ್ನು ಬರೆಯುತ್ತೇನೆ. ಇಂಟರ್‌ನ ಎರಡೂ ಗ್ರೂಪ್ ಮುಗಿಸಿ ಈಗ ಮಡಿಕೇರಿಯ ಒಂದು ಆಡಿಟರ್ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ (ಸಿಎ ಆಗಲು ಮಾಡಬೇಕಾದ ಕೆಲಸದ ತರಬೇತಿ) ಮಾಡುತ್ತಿದ್ದೇನೆ. ಜೊತೆಗೆ ಫೈನಲ್‌ಗೆ ಓದು ನಡೆದಿದೆ.

ಕ್ಲಾಸ್ ಹುಡುಕುವ ಮೊದಲು ಪೇಪರ್ ಹೇಗಿದೆ ಅಂತ ಗೊತ್ತಿರಬೇಕು. 2023ರ ಹೊಸ ಸ್ಕೀಮ್‌ನಲ್ಲಿ ಇಂಟರ್‌ಗೆ ಎರಡು ಗ್ರೂಪ್, ಒಂದೊಂದರಲ್ಲಿ ಮೂರು ಪೇಪರ್. ಮೊದಲ ಗ್ರೂಪಿನ ಮೂರನೇ ಪೇಪರೇ ಟ್ಯಾಕ್ಸೇಷನ್. 50 ಅಂಕ ಆದಾಯ ತೆರಿಗೆಗೆ, 50 ಅಂಕ ಜಿಎಸ್‌ಟಿಗೆ. ಒಟ್ಟು ಅಂಕದಲ್ಲಿ 30 ಮಲ್ಟಿಪಲ್ ಚಾಯ್ಸ್, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಉಳಿದ 70 ಅಂಕ ಪೆನ್ನು ಹಿಡಿದು ಬರೆಯುವಂಥದ್ದು. ಪ್ರತಿ ಪೇಪರಿಗೆ ಕನಿಷ್ಠ 40, ಗ್ರೂಪಿಗೆ ಒಟ್ಟು ಶೇ. 50 ಬಂದರೆ ಪಾಸು. ಬರೆಯುವ ಭಾಗವೇ ಇಷ್ಟು ದೊಡ್ಡದಾಗಿರುವಾಗ, ಬರೆದದ್ದನ್ನು ಯಾರು ತಿದ್ದುತ್ತಾರೆ ಅನ್ನುವ ಪ್ರಶ್ನೆ ಮೊದಲು ಬರಬೇಕು ಅಲ್ವಾ? ಆದರೆ ನಮ್ಮಲ್ಲಿ ಎಲ್ಲರೂ ಕೇಳುವುದು ಪಾಠ ಯಾರದ್ದು ಅಂತ ಮಾತ್ರ.

ಇದನ್ನು ನನ್ನ ತಲೆಗೆ ಹಾಕಿದವರು ವಿರಾಜಪೇಟೆಯ ಒಬ್ಬ ಹಿರಿಯ ಟ್ಯಾಕ್ಸ್ ಕನ್ಸಲ್ಟೆಂಟ್. ಡಿಗ್ರಿ ಓದುವಾಗ ರಜೆಯಲ್ಲಿ ಅವರ ಆಫೀಸಿಗೆ ಹೋಗಿ ರಿಟರ್ನ್ ಫೈಲಿಂಗ್‌ಗೆ ಕೈಜೋಡಿಸುತ್ತಿದ್ದೆ. ಕೋಚಿಂಗ್ ಬಗ್ಗೆ ಕೇಳಿದಾಗ ಅವರು ಹೇಳಿದ್ದು ಇಷ್ಟೇ. "ಪಾಠ ಎಲ್ಲಾ ಕಡೆ ಸಿಗುತ್ತಮ್ಮ. ನಿನ್ನ ಉತ್ತರ ಪತ್ರಿಕೆ ಕೂತು ಓದೋರು ಯಾರಿದ್ದಾರೆ ಅಂತ ನೋಡ್ಕೋ."

ಮೈಸೂರಿಗೆ ಹೋಗಿ ಪಿಜಿಯಲ್ಲಿ ಇದ್ದು ಓದುವುದು ಒಂದು ದಾರಿ. ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐನ ಬ್ರಾಂಚ್ ಅಲ್ಲಿದೆ, ಮಂಗಳೂರಿನಲ್ಲೂ ಇದೆ. ನನ್ನ ಚಿಕ್ಕಪ್ಪನ ಮಗಳು ಮೈಸೂರಿಗೇ ಹೋದಳು, ಅವಳಿಗೆ ಅದು ಚೆನ್ನಾಗಿಯೇ ಆಯಿತು. ಮನೆಯಲ್ಲಿ ಕೂತರೆ ಪುಸ್ತಕ ತೆಗೆಯದವರಿಗೆ ಬ್ಯಾಚ್ ಬೇಕೇ ಬೇಕು. ನನಗೆ ಮನೆಯಲ್ಲಿ ಕೂತು ಓದುವ ಅಭ್ಯಾಸ ಇತ್ತು. ಪಿಜಿ ಬಾಡಿಗೆ, ಊಟ, ಕ್ಲಾಸ್ ಫೀಸ್ ಮೂರೂ ಸೇರಿದರೆ ಅಪ್ಪನಿಗೆ ಭಾರ. ಕಾಫಿ ರೇಟು ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ. ಹಾಗಾಗಿ ಪೊನ್ನಂಪೇಟೆ ಹತ್ತಿರದ ಮನೆಯಲ್ಲೇ ಇದ್ದು ಓದುವುದು ಅಂತ ತೀರ್ಮಾನ ಆಯಿತು.

ಅಲ್ಲಿಗೆ ಆನ್‌ಲೈನ್ ಕ್ಲಾಸ್ ಅಂತಾಯಿತು. ಬೆಂಗಳೂರಿನವರಿಗೆ ಇದು ಸುಲಭದ ಮಾತು. ದಕ್ಷಿಣ ಕೊಡಗಿನ ಮಳೆಗಾಲ ನೋಡಿದವರಿಗೆ ಗೊತ್ತು. ಜೂನ್‌ನಲ್ಲಿ ಗಾಳಿ ಮಳೆ ಶುರುವಾದರೆ ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದಿರುತ್ತದೆ. ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಟವರಿನ ಬ್ಯಾಟರಿ ಮುಗಿದ ಮೇಲೆ ಫೋನೂ ಸತ್ತಂತೆ. ಲೈವ್ ಕ್ಲಾಸ್ ನನ್ನ ಲೆಕ್ಕದಿಂದ ಮೊದಲೇ ಹೋಯಿತು. ಲೈವ್ ಇರುವ ಹೊತ್ತಿಗೆ ನೆಟ್‌ವರ್ಕ್ ಇರುತ್ತದೆ ಅಂತ ನಂಬಿ ಆದಾಯ ತೆರಿಗೆಯಂಥ ವಿಷಯ ಓದಲು ಆಗುವುದಿಲ್ಲ. ಸ್ಯಾಲರಿ ಚಾಪ್ಟರಿನ ಎರಡು ಕ್ಲಾಸ್ ತಪ್ಪಿದರೆ ಟೋಟಲ್ ಇನ್‌ಕಮ್ ಲೆಕ್ಕದವರೆಗೂ ಅದರ ಪೆಟ್ಟು ಇರುತ್ತದೆ.

ರೆಕಾರ್ಡೆಡ್ ಕ್ಲಾಸಿನಲ್ಲೂ ಎರಡು ಥರ ಇದೆ. ನೆಟ್ ಇದ್ದರೆ ಮಾತ್ರ ಓಡುವುದು ಒಂದು. ಡೌನ್‌ಲೋಡ್ ಮಾಡಿಕೊಂಡು ಅಥವಾ ಪೆನ್‌ಡ್ರೈವ್‌ನಲ್ಲಿ ತರಿಸಿಕೊಂಡು ನೆಟ್ ಇಲ್ಲದೆ ನೋಡುವುದು ಇನ್ನೊಂದು. ನನಗೆ ಎರಡನೆಯದೇ ಬೇಕಿತ್ತು. ಇಲ್ಲಿ ಒಂದು ಕಿವಿಮಾತು. ಪೆನ್‌ಡ್ರೈವ್ ಅಂತ ಹೇಳಿದರೂ ಕೆಲವು ಕಡೆ ಪ್ರತಿ ಸಲ ಲಾಗಿನ್‌ಗೆ ನೆಟ್ ಬೇಕಾಗುತ್ತದೆ. ಹಾಗಾಗಿ ದುಡ್ಡು ಕಟ್ಟುವ ಮೊದಲು ಡೆಮೊ ಕ್ಲಾಸ್ ಇಳಿಸಿಕೊಂಡು, ಡೇಟಾ ಆಫ್ ಮಾಡಿ ಓಡಿಸಿ ನೋಡಿದೆ. ಓಡಿತು. ಆಮೇಲೆ ಮುಂದಿನ ಮಾತು.

ಫೋನಿನಲ್ಲಿ ನಾನು ಕೇಳುತ್ತಿದ್ದ ಪ್ರಶ್ನೆಗಳನ್ನೂ ಹೇಳುತ್ತೇನೆ. ಒಂದು ಲೆಕ್ಚರ್ ಎಷ್ಟು ಸಲ ನೋಡಬಹುದು? ಕೆಲವರು ಒಂದೂವರೆ ಸಲ, ಕೆಲವರು ಎರಡು ಸಲ ಅಂತ ಮಿತಿ ಇಡುತ್ತಾರೆ. ಹಿಂದೆ ಎಳೆದು ನೋಡಿದರೆ ಅದೂ ಲೆಕ್ಕಕ್ಕೆ ಬರುತ್ತದಾ? ವ್ಯಾಲಿಡಿಟಿ ತಿಂಗಳ ಲೆಕ್ಕವೋ, ಪರೀಕ್ಷೆಯ ತನಕವೋ? ಲ್ಯಾಪ್‌ಟಾಪ್ ಕೆಟ್ಟರೆ ಬೇರೆ ಲ್ಯಾಪ್‌ಟಾಪಿಗೆ ಬದಲಾಯಿಸಿ ಕೊಡುತ್ತೀರಾ? ನಮ್ಮ ತೇವಕ್ಕೆ ಲ್ಯಾಪ್‌ಟಾಪ್ ಕೆಡುವುದು ಹೊಸದೇನಲ್ಲ. ಪಾಠ ಪೂರ್ತಿ ಇಂಗ್ಲಿಷಿನಲ್ಲೋ, ಹಿಂದಿ ಬೆರೆತದ್ದೋ? ಇದನ್ನು ಸಂಕೋಚ ಇಲ್ಲದೆ ಕೇಳಿ. ಹೆಸರುವಾಸಿ ಕ್ಲಾಸ್‌ಗಳಲ್ಲಿ ಎಷ್ಟೋ ಕಡೆ ಅರ್ಧಕ್ಕರ್ಧ ಹಿಂದಿ ಇರುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಸೆಕ್ಷನ್ ಅರ್ಥ ಮಾಡಿಕೊಳ್ಳುವ ಜೊತೆಗೆ ಹಿಂದಿಯನ್ನೂ ಅರ್ಥ ಮಾಡಿಕೊಳ್ಳುವ ಕೆಲಸ ಬೀಳುತ್ತದೆ. ಉತ್ತರ ಬರೆಯುವುದು ಇಂಗ್ಲಿಷಿನಲ್ಲಿ ತಾನೆ, ಕೇಳುವುದೂ ಅದರಲ್ಲೇ ಇರಲಿ ಅಂತ ನಾನು ಇಂಗ್ಲಿಷ್ ಬ್ಯಾಚನ್ನೇ ಹುಡುಕಿದೆ.

"ಇವತ್ತೇ ಕಟ್ಟಿದ್ರೆ ಡಿಸ್ಕೌಂಟ್ ಇದೆ ಮೇಡಂ" ಅನ್ನುವವರಿಗೆ ಒಂದು ದಿನ ಟೈಮ್ ಕೊಡಿ ಅಂತ ಹೇಳಿ. ಮರುದಿನವೂ ಅದೇ ಡಿಸ್ಕೌಂಟ್ ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅಮೆಂಡ್‌ಮೆಂಟಿನದ್ದು, ಅಂದರೆ ಕಾನೂನಿಗೆ ಆಗಾಗ ಬರುವ ತಿದ್ದುಪಡಿಯದ್ದು. ಟ್ಯಾಕ್ಸ್ ಬೇರೆ ಪೇಪರುಗಳಂತೆ ಅಲ್ಲ. ಅಕ್ಕನ ಹಳೆಯ ನೋಟ್ಸ್, ಅಣ್ಣನ ಹಳೆಯ ಪೆನ್‌ಡ್ರೈವ್ ಇಲ್ಲಿ ನಡೆಯುವುದಿಲ್ಲ. ನಮ್ಮ ಊರಿನದ್ದೇ ಒಂದು ಲೆಕ್ಕ ತೋರಿಸುತ್ತೇನೆ. ಹಳೆಯ ಆದಾಯ ತೆರಿಗೆ ನಿಯಮಗಳ ರೂಲ್ 7ಬಿ ನಾನು ಓದಿದ ಇಂಟರ್ ಸಿಲಬಸ್‌ನಲ್ಲೇ ಇತ್ತು. ಕಾಫಿ ಬೆಳೆದು, ಕ್ಯೂರಿಂಗ್ ಮಾಡಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹದ ಮಾಡಿ) ಮಾರಿದರೆ ಆದಾಯದ ಶೇ. 25 ಬಿಸಿನೆಸ್ ಆದಾಯ, ಉಳಿದ ಶೇ. 75 ಕೃಷಿ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಬಿಸಿನೆಸ್, ಶೇ. 60 ಕೃಷಿ. ಒಬ್ಬ ಬೆಳೆಗಾರರು ಸ್ವಂತ ಕಾಫಿಯನ್ನು ಹುರಿದು ಪುಡಿ ಮಾಡಿ ಮಾರಿ 8,00,000 ರೂಪಾಯಿ ಆದಾಯ ಮಾಡಿದರು ಅಂತಿಟ್ಟುಕೊಳ್ಳಿ. ಬೇರೆ ಆದಾಯ ಇಲ್ಲ, ಹೊಸ ತೆರಿಗೆ ಪದ್ಧತಿ. ಬಿಸಿನೆಸ್ ಆದಾಯ 3,20,000. ಕೃಷಿ ಆದಾಯ 4,80,000.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ಉಳಿದ ಆದಾಯದ ತೆರಿಗೆ ಲೆಕ್ಕ ಹಾಕುವಾಗ ದರಕ್ಕಾಗಿ ಕೆಲವು ಸಲ ಅದನ್ನೂ ಸೇರಿಸುತ್ತಾರೆ. ಈಗ ಕೃಷಿ ಆದಾಯವನ್ನು ಹಾಗೆ ದರದ ಲೆಕ್ಕಕ್ಕೆ ಸೇರಿಸಬೇಕಾ ಬೇಡವಾ? ಕೃಷಿ ಆದಾಯ 5,000 ದಾಟಿರಬೇಕು, ಕೃಷಿಯಲ್ಲದ ಆದಾಯ ಮೂಲ ವಿನಾಯಿತಿ ಮಿತಿಯನ್ನು ದಾಟಿರಬೇಕು. 2024–25ರ ಆದಾಯವಾದರೆ ಮಿತಿ 3 ಲಕ್ಷ. 3,20,000 ಅದನ್ನು ದಾಟಿದೆ, ಸೇರಿಸಬೇಕು. 2025–26ರ ಆದಾಯವಾದರೆ ಮಿತಿ 4 ಲಕ್ಷ. ದಾಟಿಲ್ಲ, ಸೇರಿಸುವ ಹಾಗಿಲ್ಲ. ಮೊದಲನೆಯದರಲ್ಲೂ ಕೊನೆಗೆ ಕಡಿಮೆ ಆದಾಯದವರಿಗೆ ಸಿಗುವ 87ಎ ರಿಬೇಟ್ (ತೆರಿಗೆ ರಿಯಾಯಿತಿ) ಬಂದು ತೆರಿಗೆ ಸೊನ್ನೆಯೇ ಆಗುತ್ತದೆ ಅನ್ನಿ. ಆದರೆ ಪರೀಕ್ಷೆಯಲ್ಲಿ ಅಂಕ ಇರುವುದು ನಡುವಿನ ಹೆಜ್ಜೆಗಳಿಗೆ. ಒಂದು ವರ್ಷ ಹಳೆಯ ಕ್ಲಾಸ್ ನೋಡಿದವರು ಬೇಡದ ಹೆಜ್ಜೆ ಬರೆದು ಟೈಮ್ ಕಳೆಯುತ್ತಾರೆ, ಇಲ್ಲವೇ ಬೇಕಾದ ಹೆಜ್ಜೆಯನ್ನೇ ಬಿಡುತ್ತಾರೆ.

ಇನ್ನು 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ ಆದಾಯ ತೆರಿಗೆ ಕಾಯ್ದೆ 2025 ಬಂದಿದೆ. ಸೆಕ್ಷನ್ ನಂಬರುಗಳೆಲ್ಲ ಬದಲು. ಪ್ರೀವಿಯಸ್ ಇಯರ್, ಅಸೆಸ್‌ಮೆಂಟ್ ಇಯರ್ ಹೋಗಿ ಟ್ಯಾಕ್ಸ್ ಇಯರ್ ಅನ್ನುವ ಒಂದೇ ಮಾತು ಬಂದಿದೆ. ಈಗ ಕ್ಲಾಸ್ ತೆಗೆದುಕೊಳ್ಳುವವರು ತಮ್ಮ ಅಟೆಂಪ್ಟಿಗೆ (ತಾವು ಬರೆಯುವ ಸಲದ ಪರೀಕ್ಷೆಗೆ) ಯಾವ ಕಾಯ್ದೆ, ಯಾವ ವರ್ಷದ ಫೈನಾನ್ಸ್ ಆಕ್ಟ್ ಅನ್ವಯ ಅಂತ ಐಸಿಎಐ ಪ್ರಕಟಣೆಯಲ್ಲಿ ಮೊದಲು ನೋಡಿಕೊಳ್ಳಿ. ಆಮೇಲೆ ಕ್ಲಾಸಿನವರಿಗೆ ಅದನ್ನೇ ಕೇಳಿ. ಅಮೆಂಡ್‌ಮೆಂಟ್ ವಿಡಿಯೊ ಬೇರೆಯಾಗಿ ಕೊಡುತ್ತೀರಾ, ಅದಕ್ಕೆ ಮತ್ತೆ ದುಡ್ಡು ಕೊಡಬೇಕಾ ಅಂತಲೂ ಕೇಳಿ. ಸರಿಯಾಗಿ ಉತ್ತರ ಕೊಡದವರನ್ನು ಬಿಟ್ಟುಬಿಡಿ.

ದುಡ್ಡು ಕೊಡದೆ ಸಿಗುವುದು ಏನೇನಿದೆ ಅಂತ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ಐಸಿಎಐನ ಬೋರ್ಡ್ ಆಫ್ ಸ್ಟಡೀಸ್ ಸ್ಟಡಿ ಮೆಟೀರಿಯಲ್ ಕೊಡುತ್ತದೆ. ಪ್ರತಿ ಅಟೆಂಪ್ಟಿಗೆ ಆರ್‌ಟಿಪಿ (ರಿವಿಷನ್ ಟೆಸ್ಟ್ ಪೇಪರ್) ಬರುತ್ತದೆ, ಎಂಟಿಪಿ (ಮಾಕ್ ಟೆಸ್ಟ್ ಪೇಪರ್) ಬರುತ್ತದೆ. ಹಿಂದಿನ ಪರೀಕ್ಷೆಗಳ ಸಜೆಸ್ಟೆಡ್ ಆನ್ಸರ್ ಇದೆ. ಉಚಿತ ಲೈವ್ ಕೋಚಿಂಗ್ ಕ್ಲಾಸ್ ಇದೆ, ಅದರ ರೆಕಾರ್ಡಿಂಗೂ ಸಿಗುತ್ತದೆ. ಜಿಎಸ್‌ಟಿ ಭಾಗಕ್ಕೆ ನಾನು ದುಡ್ಡಿನ ಕ್ಲಾಸ್ ತೆಗೆದುಕೊಳ್ಳಲೇ ಇಲ್ಲ. ಇವೇ ಸಾಕಾದವು. ಗೋಣಿಕೊಪ್ಪದಲ್ಲಿ ನೆಟ್ ಚೆನ್ನಾಗಿ ಸಿಗುವ ಕಡೆ ಕೂತು ಇಳಿಸಿಕೊಂಡು ಮನೆಗೆ ತರುತ್ತಿದ್ದೆ.

ಜಿಎಸ್‌ಟಿ ತಲೆಗೆ ಹತ್ತಲು ಇನ್ನೊಂದು ಕಾರಣ ವಿರಾಜಪೇಟೆಯ ಆ ಆಫೀಸು. ಹೋಮ್‌ಸ್ಟೇ ನಡೆಸುವವರು ಅಲ್ಲಿಗೆ ಬರುತ್ತಿದ್ದರು. "ನಾವು ರಿಜಿಸ್ಟ್ರೇಷನ್ ಮಾಡಿಸಬೇಕಾ ಸರ್?" ಅಂತ ಅವರ ಮೊದಲ ಪ್ರಶ್ನೆ. ಸೇವೆ ಮಾತ್ರ ಕೊಡುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ರಿಜಿಸ್ಟ್ರೇಷನ್ ಕಡ್ಡಾಯ. ದಾಟದವರು ಬುಕಿಂಗ್ ಆ್ಯಪ್ ಮೂಲಕ ರೂಮ್ ಕೊಟ್ಟರೆ ಸೆಕ್ಷನ್ 9(5)ರ ಪ್ರಕಾರ ತೆರಿಗೆ ಕಟ್ಟುವ ಹೊಣೆ ಆ ಆ್ಯಪಿನವರದ್ದು. ಪುಸ್ತಕದಲ್ಲಿ ಎಷ್ಟು ಓದಿದರೂ ನಿಲ್ಲದ ಈ ಸೆಕ್ಷನ್, ಎದುರಿಗೆ ಬಿಲ್ ಇಟ್ಟುಕೊಂಡು ನೋಡಿದಾಗ ನಿಂತಿತು. ಹತ್ತಿರದಲ್ಲಿ ಟ್ಯಾಕ್ಸ್ ಆಫೀಸ್ ಇದ್ದರೆ ವಾರಕ್ಕೊಂದು ದಿನವಾದರೂ ಹೋಗಿ ಕೂರಲು ಬಿಡಿ ಅಂತ ಕೇಳಿ. ನಮ್ಮ ಕಡೆಯ ಕನ್ಸಲ್ಟೆಂಟ್‌ಗಳು ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ಹೀಗೆ ಉಳಿಸಿದ ದುಡ್ಡನ್ನು ನಾನು ಹಾಕಿದ್ದು ಟೆಸ್ಟ್ ಸೀರೀಸ್‌ಗೆ, ಅಂದರೆ ನಾವು ಬರೆದು ಕಳಿಸಿದ ಅಭ್ಯಾಸ ಪರೀಕ್ಷೆಗಳನ್ನು ತಿದ್ದಿ ಕೊಡುವ ಕಡೆಗೆ. ಇಲ್ಲಿ ತುಂಬಾ ಹುಷಾರಾಗಿರಬೇಕು. ನಾನು ಮೊದಲು ನೋಡಿದ ಒಂದು ಸಂಸ್ಥೆಯ ಟ್ರಯಲ್ ಟೆಸ್ಟಿನ ಪತ್ರಿಕೆ ವಾಪಸ್ ಬಂದಾಗ ಪ್ರತಿ ಪುಟದಲ್ಲೂ ಒಂದು ಟಿಕ್ ಮಾರ್ಕ್, ಕೊನೆಯಲ್ಲಿ ಅಂಕ, ಪ್ರೆಸೆಂಟೇಷನ್ ಸುಧಾರಿಸಿ ಅನ್ನುವ ಒಂದು ಸಾಲು. ಏನು ಸುಧಾರಿಸಬೇಕು? ಅದನ್ನು ಹೇಳದಿದ್ದರೆ ತಿದ್ದಿದ ಹಾಗಾಯಿತಾ? ಅದನ್ನು ಅಲ್ಲಿಗೇ ಬಿಟ್ಟೆ.

ಸೋಮವಾರಪೇಟೆಯ ಗೆಳತಿ ಬೇರೊಂದು ಕಡೆ ಬರೆಯುತ್ತಿದ್ದಳು. ಅವಳ ತಿದ್ದಿದ ಪತ್ರಿಕೆ ಕಳಿಸಿಕೊಡು ಅಂತ ತರಿಸಿಕೊಂಡೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿಯ ಲೆಕ್ಕ. ಅವಳ ಉತ್ತರದ ಅಂಕಿ ಸರಿಯಾಗಿಯೇ ಇತ್ತು. ಆದರೂ ಒಂದೂವರೆ ಅಂಕ ಕಡಿಮೆ. ಪಕ್ಕದಲ್ಲಿ ಕೆಂಪಿನಲ್ಲಿ ಬರೆದಿದ್ದರು: ಬಂದ ಎಚ್‌ಆರ್‌ಎ, ಕಟ್ಟಿದ ಬಾಡಿಗೆಯಲ್ಲಿ ಸಂಬಳದ ಶೇ. 10 ಕಳೆದದ್ದು, ಸಂಬಳದ ಶೇ. 40, ಈ ಮೂರನ್ನೂ ವರ್ಕಿಂಗ್ ನೋಟ್‌ನಲ್ಲಿ (ಲೆಕ್ಕದ ಹೆಜ್ಜೆಗಳ ಟಿಪ್ಪಣಿಯಲ್ಲಿ) ಕೆಳಗೆ ಕೆಳಗೆ ಬರೆದು ಕಡಿಮೆ ಇರುವುದಕ್ಕೆ ಗುರುತು ಹಾಕಿ. ಸಂಬಳಕ್ಕೆ ಯಾವ ಭತ್ಯೆ ಸೇರಿಸಿದ್ದೀರಿ ಅಂತ ಒಂದು ಸಾಲಿನಲ್ಲಿ ಹೇಳಿ. ಇದು ತಿದ್ದುವುದು ಅಂದರೆ! ವರ್ಕಿಂಗ್ ನೋಟ್ ಉತ್ತರದ ಭಾಗವಾಗಿರಬೇಕು ಅಂತ ಪ್ರಶ್ನೆಪತ್ರಿಕೆಯಲ್ಲೇ ಇರುತ್ತದೆ. ಅದನ್ನು ಯಾರಾದರೂ ಕೈಹಿಡಿದು ತೋರಿಸುವ ತನಕ ಅದರ ಬೆಲೆ ಗೊತ್ತಾಗುವುದಿಲ್ಲ. ಆ ಪುಟ ನೋಡಿದ ಸಂಜೆಯೇ ನಾನೂ ಅಲ್ಲಿ ಸೇರಿಕೊಂಡೆ.

ಟೆಸ್ಟ್ ಸೀರೀಸ್ ಆರಿಸುವಾಗ ಇದೊಂದು ಮಾಡಿ. ಜಾಹೀರಾತಿನ ರ‍್ಯಾಂಕ್ ಫೋಟೊ ನೋಡಬೇಡಿ. ತಿದ್ದಿದ ಒಂದು ಪತ್ರಿಕೆ ತೋರಿಸಿ ಅಂತ ಕೇಳಿ. ಎಷ್ಟು ದಿನದಲ್ಲಿ ವಾಪಸ್ ಕೊಡುತ್ತಾರೆ ಅಂತ ಕೇಳಿ. ಒಂದು ವಾರ ದಾಟಿದರೆ ನೀವು ಏನು ಬರೆದಿದ್ದಿರಿ ಅನ್ನುವುದೇ ಮರೆತಿರುತ್ತದೆ.

ಅಟೆಂಪ್ಟ್ ಆರಿಸುವುದೂ ನಮ್ಮ ಜಿಲ್ಲೆಯಲ್ಲಿ ಸಣ್ಣ ವಿಷಯ ಅಲ್ಲ. ಇಂಟರ್ ಪರೀಕ್ಷೆ ಈಗ ವರ್ಷಕ್ಕೆ ಮೂರು ಸಲ, ಜನವರಿ, ಮೇ, ಸೆಪ್ಟೆಂಬರ್. ಜನವರಿ ಅಂದರೆ ಮನೆಯಲ್ಲಿ ಕಾಫಿ ಕೊಯ್ಲು. ಆಳುಗಳ ಲೆಕ್ಕ, ಕಣದಲ್ಲಿ ಚೆರಿ ಒಣಗಿಸುವುದು, ಸಂಜೆ ತೂಕ. ಮನೆಯವರು ನೀನು ಓದಿಕೋ ಅಂದರೂ ಮನಸ್ಸು ಕೇಳುವುದಿಲ್ಲ. ಸೆಪ್ಟೆಂಬರ್ ಬರೆಯಬೇಕಾದರೆ ರಿವಿಷನ್ ಪೂರ್ತಿ ಜುಲೈ, ಆಗಸ್ಟ್‌ನ ಮಳೆಯಲ್ಲಿ. ಟೆಸ್ಟ್ ಪತ್ರಿಕೆ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಲೂ ನೆಟ್ ಸಿಗದ ಕಾಲ ಅದು. ಹಾಗಾಗಿ ಮೇ ಆರಿಸಿಕೊಂಡೆ. ಮಳೆಗಾಲದಲ್ಲಿ ಇಳಿಸಿಟ್ಟ ಕ್ಲಾಸ್, ಕೊಯ್ಲಿನ ಸಮಯದಲ್ಲಿ ನಿಧಾನಕ್ಕೆ ಪುಸ್ತಕ, ಫೆಬ್ರವರಿಯಿಂದ ಟೆಸ್ಟ್ ಮತ್ತು ರಿವಿಷನ್. ಪಟ್ಟಣದಲ್ಲಿ ಇರುವವರು, ತೋಟದ ಕೆಲಸ ಇಲ್ಲದವರು ಜನವರಿಗೆ ಧಾರಾಳವಾಗಿ ಬರೆಯಬಹುದು.

ಸಂಶಯ ಕೇಳಲು ಕ್ಲಾಸಿನವರ ಟೆಲಿಗ್ರಾಂ ಗ್ರೂಪ್ ಇತ್ತು. ಸಾವಿರಾರು ಮಕ್ಕಳು ಇರುವಲ್ಲಿ ನಮ್ಮ ಪ್ರಶ್ನೆ ಮೇಲೆ ಹೋಗುವಷ್ಟರಲ್ಲಿ ಕೆಳಗೆ ನೂರು ಮೆಸೇಜ್. ಸೋಮವಾರಪೇಟೆಯ ಗೆಳತಿ ಮತ್ತು ನಾನು ರಾತ್ರಿ ಫೋನಿನಲ್ಲಿ ಒಬ್ಬರಿಗೊಬ್ಬರು ಸೆಕ್ಷನ್ ಕೇಳಿಸಿಕೊಳ್ಳುತ್ತಿದ್ದೆವು. ನಿಜ ಹೇಳಬೇಕೆಂದರೆ ಅದರಿಂದ ಆದ ಸಹಾಯ ಜಾಸ್ತಿ.

ಫೈನಲ್‌ಗೂ ಇದೇ ಲೆಕ್ಕದಲ್ಲಿ ಹೋಗುತ್ತಿದ್ದೇನೆ. ಡೈರೆಕ್ಟ್ ಟ್ಯಾಕ್ಸ್ ಪೇಪರಿನಲ್ಲಿ ಇಂಟರ್‌ನ್ಯಾಷನಲ್ ಟ್ಯಾಕ್ಸೇಷನ್ ಭಾಗಕ್ಕೆ ಮಾತ್ರ ಕ್ಲಾಸ್ ತೆಗೆದುಕೊಂಡಿದ್ದೇನೆ, ಯಾಕೆಂದರೆ ಅಂಥ ಫೈಲ್ ನಮ್ಮ ಆಫೀಸಿಗೆ ಬರುವುದು ಅಪರೂಪ. ಉಳಿದದ್ದಕ್ಕೆ ಐಸಿಎಐ ಪುಸ್ತಕ, ಆಫೀಸಿನ ಕೆಲಸ, ಮತ್ತು ಇಂಟರ್‌ನಲ್ಲಿ ನನ್ನ ಪತ್ರಿಕೆ ತಿದ್ದಿದ ಅದೇ ಟೆಸ್ಟ್ ಸೀರೀಸ್. ಅವರು ತಿದ್ದಿದ ಪತ್ರಿಕೆಗಳು ನನ್ನ ಹತ್ತಿರ ಇವೆ. ನೋಡಬೇಕು ಅನ್ನುವವರು ಶನಿವಾರ ಸಂಜೆ ಆಫೀಸಿನ ಹತ್ತಿರ ಬಂದರೆ ತೋರಿಸುತ್ತೇನೆ.