ಜಪಾನಿ ರೆಸ್ಟೋರೆಂಟ್‌ನಲ್ಲಿ ಹುಟ್ಟುಹಬ್ಬವೇ? ಮೊದಲೇ ಮಾತಾಡಿಕೊಳ್ಳಿ

ಆತ್ಮೀಯರ ಹುಟ್ಟುಹಬ್ಬಕ್ಕೆ ದುಬಾರಿ ಜಪಾನಿ ರೆಸ್ಟೋರೆಂಟ್ ಆರಿಸಿಕೊಂಡಿದ್ದರೆ, ಟೇಬಲ್ ಕಾಯ್ದಿರಿಸುವಾಗಲೇ ಸಂದರ್ಭವನ್ನು ತಿಳಿಸಿಬಿಡಿ. ಕೇಕ್ ಒಯ್ಯಬಹುದೇ, ಮೇಣದಬತ್ತಿ ಹಚ್ಚಬಹುದೇ ಎಂಬುದನ್ನೂ ಆಗಲೇ ಕೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಯಾರು ಏನು ತಿನ್ನುವುದಿಲ್ಲ ಎಂಬುದು. ಒಮಾಕಾಸೆ ಊಟದಲ್ಲಿ ಆಯ್ಕೆಯೆಲ್ಲ ಬಾಣಸಿಗರದ್ದೇ. ಅಲ್ಲಿ ಕುಳಿತ ಮೇಲೆ ಬದಲಾವಣೆ ಕೇಳಿದರೆ ಅವರಿಗೆ ದಾರಿಯೇ ಇರುವುದಿಲ್ಲ. ಬಳಗದಲ್ಲಿ ಸಸ್ಯಾಹಾರಿಗಳಿದ್ದರೆ 'ಮೀನು ಬೇಡ' ಎಂದಷ್ಟೇ ಹೇಳಿದರೆ ಸಾಲದು. ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪ್, ಬೇಯಿಸಿದ ತರಕಾರಿ, ಟೆಂಪುರಾ (ಹಿಟ್ಟಿನಲ್ಲಿ ಅದ್ದಿ ಕರಿದ ತಿನಿಸು) ಅದ್ದಿಕೊಳ್ಳುವ ಸಾಸ್ ಇವಕ್ಕೆಲ್ಲ ಬಳಸುವ ದಾಶಿ ಎಂಬ ತಿಳಿಸಾರನ್ನು ಸಾಮಾನ್ಯವಾಗಿ ಒಣಮೀನಿನ ತೆಳು ಚೂರುಗಳಿಂದ ತಯಾರಿಸುತ್ತಾರೆ. ಕೊಂಬು ಎಂಬ ಕಡಲಕಳೆಯಿಂದ, ಒಣ ಶಿಟಾಕೆ ಅಣಬೆಯಿಂದಲೂ ಒಳ್ಳೆಯ ದಾಶಿ ಆಗುತ್ತದೆ. ಅದು ಸಾಧ್ಯವೇ ಎಂದು ಬಿಡಿಸಿ ಕೇಳಿ. ಗೋಧಿಯ ಅಲರ್ಜಿ ಇದ್ದವರು ಸೋಯಾ ಸಾಸ್ ಬಗ್ಗೆಯೂ ವಿಚಾರಿಸಬೇಕು, ಅದರಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ.

ಬಾಣಸಿಗರ ಎದುರಿನ ಕೌಂಟರ್ ಮುಂದೆ ಕೂರುವುದಾದರೆ ಗಾಢವಾದ ಸುಗಂಧದ್ರವ್ಯ ದಯವಿಟ್ಟು ಬೇಡ. ಪಕ್ಕದವರ ಊಟದ ಪರಿಮಳವೂ ಕೆಡುತ್ತದೆ. ನಿಗಿರಿ ಸುಶಿಯನ್ನು (ಅನ್ನದ ಪುಟ್ಟ ಉಂಡೆಯ ಮೇಲೆ ಮೀನಿನ ತುಂಡು) ಮುಂದಿಟ್ಟ ಕೂಡಲೇ ತಿನ್ನಿ, ಫೋಟೊ ಒಂದೇ ಸಾಕು. ಅನ್ನ ಇನ್ನೂ ಬೆಚ್ಚಗಿರುವಾಗಲೇ ಅದರ ರುಚಿ. ಕೈಯಲ್ಲಿ ತಿಂದರೂ ತಪ್ಪಿಲ್ಲ. ಸೋಯಾ ಸಾಸ್‌ನಲ್ಲಿ ಮೀನಿನ ಬದಿಯನ್ನು ಮಾತ್ರ ಅದ್ದಿ, ಅನ್ನವನ್ನು ಅದ್ದಿದರೆ ಉದುರಿಹೋಗುತ್ತದೆ.