ಯೋಗ ನರಸಿಂಹನ ಮೆಟ್ಟಿಲು ಹತ್ತುವ ಮುಂಚೆ ನಾಡಿ ಹಿಡಿದು ನೋಡಿ

ದೇವರು ಎಲ್ಲಿದ್ದಾನೆ ಅಂತ ಮಕ್ಕಳು ಕೇಳಿದರೆ ನಾವು ಗುಡಿ ಕಡೆ ಕೈ ತೋರಿಸುತ್ತೇವೆ. ಮುಂದಿನ ಸಲ ತುಮಕೂರಿನ ಹತ್ತಿರದ ದೇವರಾಯನದುರ್ಗದ ಬೆಟ್ಟಕ್ಕೆ ಹೋದಾಗ ಅವರ ಮಣಿಕಟ್ಟನ್ನೇ ತೋರಿಸಿ. ಹೇಗೆ ಅಂತ ಹೇಳುತ್ತೇನೆ.

ತುಮಕೂರಿನಿಂದ ಬೆಳಿಗ್ಗೆ ಬೇಗ ಹೊರಡಿ, ಬಿಸಿಲೇರಿದರೆ ಬಂಡೆ ಕಾದು ಕಾಲು ಸುಡುತ್ತದೆ. ಕೆಳಗೆ ಭೋಗ ನರಸಿಂಹನಿಗೆ ಕೈಮುಗಿದು, ಮೇಲಿನ ಯೋಗ ನರಸಿಂಹನ ಗುಡಿಗೆ ಹತ್ತುವ ಮುಂಚೆ ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ಇನ್ನೊಂದು ಕೈಯ ತೋರುಬೆರಳು, ನಡುಬೆರಳು ಇಟ್ಟು ಮೆಲ್ಲಗೆ ಒತ್ತಿ. ಹೆಬ್ಬೆರಳಲ್ಲಿ ಒತ್ತಬೇಡಿ, ಅದರ ಬಡಿತವೇ ಸೇರಿಕೊಂಡು ಲೆಕ್ಕ ತಪ್ಪುತ್ತದೆ. 30 ಸೆಕೆಂಡ್ ಎಣಿಸಿ, ಅದರ ಎರಡರಷ್ಟು ಮಾಡಿ. ದೊಡ್ಡವರಿಗೆ ಸಾಮಾನ್ಯವಾಗಿ 60ರಿಂದ 100ರೊಳಗೆ ಬರುತ್ತದೆ, ಮಕ್ಕಳಿಗೆ ಸ್ವಲ್ಪ ಜಾಸ್ತಿ.

ಈಗ ಹತ್ತಿ, ಆದರೆ ಬರಿಗಾಲಲ್ಲಿ. ಒಂದೊಂದು ಪಾದದಲ್ಲೂ 26 ಮೂಳೆಗಳಿವೆ, ಕಲ್ಲು ಒಂದು ಕಡೆ ಓರೆಯಾಗಿದ್ದರೆ ನೀವು ಯೋಚನೆ ಮಾಡುವ ಮುಂಚೆಯೇ ಪಾದ ಅದಕ್ಕೆ ಹೊಂದಿಕೊಂಡಿರುತ್ತದೆ. ಅದನ್ನು ಗಮನಿಸುತ್ತಾ ನಿಧಾನಕ್ಕೆ ಹೋಗಿ. (ಕೈಚೀಲ ಭದ್ರ, ಅಲ್ಲಿನ ಕೋತಿಗಳಿಗೆ ನಿಮ್ಮ ಭಕ್ತಿಗಿಂತ ಬಾಳೆಹಣ್ಣು ಮುಖ್ಯ.) ಹೃದಯದ ತೊಂದರೆ, ಮಂಡಿನೋವು ಇರುವವರು ಹತ್ತಲೇಬೇಕು ಅಂತೇನಿಲ್ಲ, ಕೆಳಗೇ ಕೂತು ನಾಡಿ ನೋಡಿದರೂ ಸಾಕು.

ಮೇಲೆ ಮುಟ್ಟಿದ ಕೂಡಲೇ ಮತ್ತೆ ಎಣಿಸಿ. ಏರಿರುತ್ತದೆ ಅಲ್ವಾ? ಏರು ಅಂತ ನೀವು ಹೇಳಲಿಲ್ಲ, ಸ್ವಲ್ಪ ಹೊತ್ತು ಕೂತರೆ ತಾನಾಗಿಯೇ ಇಳಿಯುತ್ತದೆ. ಹೃದಯದ ಬಲ ಮೇಲ್ಕೋಣೆಯಲ್ಲಿ ಒಂದು ಸಣ್ಣ ಜೀವಕೋಶಗಳ ಗುಂಪಿದೆ, ಪ್ರತಿ ಬಡಿತಕ್ಕೂ ಬೇಕಾದ ವಿದ್ಯುತ್ತನ್ನು ಅದೇ ಹುಟ್ಟಿಸುತ್ತದೆ, ದಿನಕ್ಕೆ ಸುಮಾರು ಒಂದು ಲಕ್ಷ ಸಲ, ನೀವು ಗೊರಕೆ ಹೊಡೆಯುತ್ತಿದ್ದರೂ. ಇದೆಲ್ಲ ವಿಜ್ಞಾನ, ಇದರಲ್ಲಿ ದೇವರೆಲ್ಲಿ ಬಂದ ಅನ್ನುವವರಿದ್ದಾರೆ. ಅನ್ನಲಿ. ನನಗಂತೂ ವಿವರ ತಿಳಿದಷ್ಟೂ ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ. ಬೆರಳು ನಾಡಿಯ ಮೇಲಿರುವಾಗಲೇ ಕಣ್ಣುಮುಚ್ಚಿ ನರಸಿಂಹನನ್ನು ನೆನೆಯಿರಿ, ಮಂತ್ರ ಬರದಿದ್ದರೂ ಪರವಾಗಿಲ್ಲ.

ಇಳಿಯುವಾಗ ನಾಮದ ಚಿಲುಮೆಗೂ ಹೋಗಿ ಬನ್ನಿ. ರಾಮ ಹಣೆಗೆ ನಾಮ ಇಡಲು ಬಾಣ ಬಿಟ್ಟು ನೀರು ತರಿಸಿದ ಅಂತ ಕಥೆ. ನೀರಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಮೂತ್ರಪಿಂಡಗಳು ರಕ್ತದಿಂದ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ಆದರೂ ಕುಡಿಯುವ ನೀರಲ್ಲಿ ಕರಗಿರುವ ಫ್ಲೋರೈಡ್ ಅನ್ನೋ ಲವಣಾಂಶ ಪೂರ್ತಿ ಹೊರಗೆ ಹೋಗುವುದಿಲ್ಲ, ಉಳಿದದ್ದು ಮೂಳೆಗೆ, ಮಕ್ಕಳ ಬೆಳೆಯುವ ಹಲ್ಲಿಗೆ ಸೇರುತ್ತದೆ, ಜಾಸ್ತಿಯಾದರೆ ಅವನ್ನು ಹಾಳುಮಾಡುತ್ತದೆ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರುವ ಪಾವಗಡದ ಕಡೆಯವರಿಗೆ ಇದು ಗೊತ್ತಿರುವ ವಿಷಯವೇ. ದೇವರು ಕೊಟ್ಟ ಮೈ ಅಂತ ಕೈಮುಗಿಯುವವರು ಬೋರ್‌ವೆಲ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯುವುದಕ್ಕೂ ಅಡುಗೆಗೂ ಶುದ್ಧ ನೀರಿನ ಘಟಕದ ನೀರೇ ತನ್ನಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.