ಬಿರಿದ ಬೆರಳಿಗೆ, ತರಚಿದ ಕಾಲಿಗೆ: ವಿಟಮಿನ್ ಮುಲಾಮು ಹಚ್ಚುವ ಕ್ರಮ

ರೊಬಸ್ಟಾ ಕಾಫಿಯ ಕೊಯ್ಲು ನಡೆಯುವ ಜನವರಿ, ಫೆಬ್ರುವರಿ ತಿಂಗಳುಗಳಲ್ಲಿ ಕೊಡಗಿನ ತೋಟಗಳಲ್ಲಿ ದುಡಿಯುವ ಯಾರ ಕೈಯನ್ನು ಹಿಡಿದು ನೋಡಿದರೂ ಹೆಬ್ಬೆರಳಿನ ಮತ್ತು ತೋರುಬೆರಳಿನ ತುದಿಯಲ್ಲಿ, ಉಗುರಿನ ಮಗ್ಗುಲಲ್ಲಿ, ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಕಾಣುತ್ತವೆ. ಹಣ್ಣಿನ ಅಂಟು ರಸ ಆ ಬಿರುಕಿನೊಳಗೆ ಇಳಿದು, ಒಣಗಿ, ಕಪ್ಪು ಗೆರೆಯಾಗಿ ಕುಳಿತಿರುತ್ತದೆ. ಮಧ್ಯಾಹ್ನದ ಊಟದಲ್ಲಿ ಸಾರಿನ ಖಾರ ತಾಗಿದಾಗ, ಸಂಜೆ ಅಡುಗೆಗೆಂದು ಕಾಚಂಪುಳಿ ಎಂಬ ಹುಳಿ ರಸ ಮುಟ್ಟಿದಾಗ, ಅಷ್ಟು ಚಿಕ್ಕ ಗಾಯ ಇಷ್ಟು ಉರಿಯಬಹುದೇ ಎನ್ನಿಸುತ್ತದೆ. ಇಂತಹ ಬಿರುಕು, ಮುಳ್ಳಿನ ಗೀರು, ತರಚು ಗಾಯ, ಒಲೆಯ ಬಿಸಿ ತಾಗಿ ಕೆಂಪಾದ ಚರ್ಮ ಇವುಗಳಿಗೆ ವಿಟಮಿನ್ ಇರುವ ಮುಲಾಮನ್ನು ಹೇಗೆ ಬಳಸಬೇಕು ಮತ್ತು ಎಲ್ಲಿ ಬಳಸಲೇಬಾರದು ಎಂಬುದನ್ನು, ನಮ್ಮ ತೋಟದ ಔಷಧ ಪೆಟ್ಟಿಗೆಯನ್ನು ಹಲವು ವರ್ಷ ನೋಡಿಕೊಂಡ ಅನುಭವದಿಂದ ಬರೆಯುತ್ತಿದ್ದೇನೆ.

ಮೊದಲು ಮುಲಾಮಿನ ಬಗ್ಗೆ. ಸಣ್ಣ ಗಾಯಗಳಿಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಡೆಕ್ಸ್‌ಪ್ಯಾಂಥೆನಾಲ್ ಇರುವ ಮುಲಾಮು. ಇದು ಬಿ5 ವಿಟಮಿನ್‌ನ ಪೂರ್ವರೂಪ. ಚರ್ಮದೊಳಗೆ ಹೋದ ಮೇಲೆ ಪ್ಯಾಂಟೊಥೆನಿಕ್ ಆಮ್ಲವಾಗಿ ಬದಲಾಗಿ, ಜೀವಕೋಶಗಳು ಕೊಬ್ಬಿನಂಶವನ್ನು ತಯಾರಿಸಲು ಬೇಕಾದ ಕೋಎನ್‌ಜೈಮ್ ಎ ಎಂಬ ವಸ್ತುವಿನ ಭಾಗವಾಗುತ್ತದೆ. ಚರ್ಮದ ಮೇಲ್ಪದರ ನೀರನ್ನು ಹಿಡಿದಿಟ್ಟುಕೊಳ್ಳುವುದು ಈ ಕೊಬ್ಬಿನಂಶದ ಬಲದಿಂದಲೇ. ಕೊಳವೆಯ ಮೇಲೆ ಸಾಮಾನ್ಯವಾಗಿ 5% ಎಂದು ಬರೆದಿರುತ್ತದೆ. ಎ ಮತ್ತು ಡಿ ವಿಟಮಿನ್ ಸೇರಿಸಿದ ಮುಲಾಮುಗಳೂ ಇವೆ. ಇವುಗಳ ಉಪಯೋಗದ ಬಹುಪಾಲು ಬರುವುದು ಅವುಗಳಲ್ಲಿರುವ ಪೆಟ್ರೋಲಿಯಂ ಜೆಲ್ಲಿಯಿಂದ ಎಂದು ನನ್ನ ಅಭಿಪ್ರಾಯ. ಇ ವಿಟಮಿನ್‌ನ ಗುಳಿಗೆಯನ್ನು ಸೂಜಿಯಿಂದ ಚುಚ್ಚಿ ಅದರ ಎಣ್ಣೆಯನ್ನು ಗಾಯದ ಕಲೆಗೆ ಹಚ್ಚುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ, ಆದರೆ ಅದನ್ನು ನಾನು ಯಾರಿಗೂ ಹೇಳುವುದಿಲ್ಲ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ಇ ವಿಟಮಿನ್ ಹಚ್ಚಿಕೊಂಡವರ ಕಲೆಗಳು ಹೆಚ್ಚಿನವರಲ್ಲಿ ಸುಧಾರಿಸಲಿಲ್ಲ. ಅಷ್ಟೇ ಅಲ್ಲ, ಮೂರರಲ್ಲಿ ಒಬ್ಬರಿಗೆ ಚರ್ಮದ ಅಲರ್ಜಿ ಕಾಣಿಸಿಕೊಂಡಿತು.

ಮೆಡಿಕಲ್ ಸ್ಟೋರಿನಲ್ಲಿ ಕೇಳುವಾಗ ‘ಗಾಯಕ್ಕೊಂದು ಕ್ರೀಮ್ ಕೊಡಿ’ ಎಂದು ಕೇಳಬೇಡಿ. ಹಾಗೆ ಕೇಳಿದವರ ಕೈಗೆ ಬೆಟಾಮೆಥಸೋನ್ ಅಥವಾ ಕ್ಲೋಬೆಟಾಸಾಲ್ ಎಂಬ ಸ್ಟೀರಾಯ್ಡ್ ಬೆರೆತ ಕ್ರೀಮ್ ಬಂದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಇವು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳು. ತುರಿಕೆ, ಕೆಂಪು ಒಂದೇ ದಿನದಲ್ಲಿ ಇಳಿಯುವುದರಿಂದ ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ. ಒಳಗೆ ಗಾಯ ಮಾಯುವುದು ನಿಧಾನವಾಗುತ್ತದೆ, ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಆದ್ದರಿಂದ ಮುಲಾಮಿನ ಹೆಸರನ್ನು ಹೇಳಿ ಕೇಳಿ, ಕೊಳವೆಯ ಮೇಲಿನ ಸಣ್ಣ ಅಕ್ಷರಗಳನ್ನು ಅಂಗಡಿಯಲ್ಲೇ ಓದಿ, ಅವಧಿ ಮುಗಿಯುವ ದಿನಾಂಕವನ್ನೂ ನೋಡಿ. ಕ್ರೀಮ್ ಮತ್ತು ಮುಲಾಮು ಎರಡೂ ದೊರೆಯುವುದಾದರೆ ಒಣ ಬಿರುಕಿಗೆ ಜಿಡ್ಡು ಹೆಚ್ಚಿರುವ ಮುಲಾಮನ್ನೂ, ಬೆವರುವ ಅಥವಾ ತೇವವಿರುವ ಜಾಗಕ್ಕೆ ಹಗುರವಾದ ಕ್ರೀಮನ್ನೂ ಆರಿಸಿಕೊಳ್ಳಿ. ಹಲವು ಮುಲಾಮುಗಳಲ್ಲಿ ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೋಲಿನ್ ಇರುತ್ತದೆ, ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ. ಮೊದಲ ಸಲ ಬಳಸುವವರು ಮುಂಗೈಯ ಒಳಭಾಗದಲ್ಲಿ ಚುಕ್ಕಿಯಷ್ಟು ಹಚ್ಚಿ ಒಂದೆರಡು ದಿನ ಕಾದು, ತುರಿಕೆ ಅಥವಾ ಗುಳ್ಳೆ ಏಳದಿದ್ದರೆ ಮಾತ್ರ ಮುಂದುವರಿಸುವುದು ಒಳ್ಳೆಯದು.

ಇನ್ನು ಹಚ್ಚುವ ಕ್ರಮ. ಇಲ್ಲಿ ನಾನು ಒಂದು ತಪ್ಪಿನಿಂದ ಕಲಿತದ್ದನ್ನು ಹೇಳಬೇಕು. ಕಾಡು, ಅಂದರೆ ಕಳೆ, ಕಡಿಯುವಾಗ ನಮ್ಮ ತೋಟದ ಅಕ್ಕ ಒಬ್ಬರ ಮೊಣಕಾಲಿನ ಕೆಳಗೆ ಒಣ ಕಡ್ಡಿ ಗೀರಿತ್ತು. ರಕ್ತ ಹೆಚ್ಚು ಬಂದಿರಲಿಲ್ಲ. ಆತುರದಲ್ಲಿ ಬಟ್ಟೆಯಿಂದ ಒರೆಸಿ, ಮುಲಾಮು ಹಚ್ಚಿ ಕಳುಹಿಸಿದೆ. ಮೂರನೆಯ ದಿನ ಅವರು ಕಾಲೆಳೆದುಕೊಂಡು ಬಂದಾಗ ಗೀರಿನ ಸುತ್ತ ಅಂಗೈ ಅಗಲ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿತ್ತು. ಮುಲಾಮಿನ ಪದರದ ಕೆಳಗೆ ಮರದ ತೊಗಟೆಯ ಚೂರು, ಮಣ್ಣು ಹಾಗೆಯೇ ಉಳಿದಿದ್ದವು. ಆಸ್ಪತ್ರೆಗೆ ಕರೆದೊಯ್ದು ಆ್ಯಂಟಿಬಯಾಟಿಕ್ ಕೊಡಿಸಬೇಕಾಯಿತು. ಕೊಳೆಯ ಮೇಲೆ ಹಚ್ಚಿದ ಮುಲಾಮು ಕೊಳೆಯನ್ನೇ ಕಾಪಾಡುತ್ತದೆ ಎಂಬುದು ಅಂದು ನನಗೆ ಮನದಟ್ಟಾಯಿತು.

ಹಾಗಾಗಿ ಮೊದಲು ನಿಮ್ಮ ಕೈಯನ್ನು ಸೋಪು ಹಾಕಿ ತೊಳೆಯಿರಿ, ಆಮೇಲೆ ಗಾಯವನ್ನು ನಲ್ಲಿಯ ಧಾರೆಯ ಕೆಳಗೆ ಕನಿಷ್ಠ 5 ನಿಮಿಷ ಹಿಡಿಯಿರಿ. ತೋಟದಲ್ಲಿ ನಲ್ಲಿ ಇಲ್ಲದಿದ್ದರೆ ಕುಡಿಯುವ ನೀರನ್ನು ಬಾಟಲಿಯಿಂದ ಧಾರೆಯಾಗಿ ಸುರಿಯಬಹುದು. ತೋಡಿನ ಅಥವಾ ಕೆರೆಯ ನೀರು ಬೇಡ. ಗಾಯದ ಸುತ್ತಲಿನ ಚರ್ಮಕ್ಕೆ ಸೋಪು ಸಾಕು, ಗಾಯದೊಳಗೆ ಸ್ಪಿರಿಟ್ ಸುರಿಯುವ ಅಗತ್ಯವಿಲ್ಲ. ಮುಳ್ಳು ಅಥವಾ ಸಿಬಿರು ಉಳಿದಿದ್ದರೆ ಒಲೆಯಲ್ಲಿ ಕುದಿಸಿ ಆರಿಸಿದ ಚಿಮ್ಮಟದಿಂದ ತೆಗೆಯಿರಿ. ರಕ್ತ ಜಿನುಗುತ್ತಿದ್ದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡುತ್ತಿದ್ದರೆ ರಕ್ತ ನಿಲ್ಲುವುದಿಲ್ಲ. ನಮ್ಮ ಕಡೆ ಗಾಯವಾದ ಕೂಡಲೇ ಕಮ್ಯುನಿಸ್ಟ್ ಗಿಡ ಎಂಬ ಕಳೆಗಿಡದ ಎಲೆಯನ್ನು ಅಂಗೈಯಲ್ಲಿ ಹೊಸಕಿ ರಸ ಹಿಂಡುತ್ತಾರೆ, ಕೆಲವರು ಕಾಫಿಪುಡಿ ಒತ್ತುತ್ತಾರೆ. ಹಿರಿಯರ ಕೈಗೆ ಸಿಕ್ಕ ಉಪಾಯಗಳವು, ಅವರನ್ನು ನಾನು ಹಳಿಯಲಾರೆ. ಆದರೆ ತೊಳೆಯದ ಎಲೆಯೂ ಪುಡಿಯೂ ಗಾಯದೊಳಗೆ ಕೊಳೆಯನ್ನು ಸೇರಿಸುತ್ತವೆ, ಮುಲಾಮು ಹಚ್ಚುವ ಮುನ್ನ ಅವನ್ನು ಪೂರ್ತಿ ತೊಳೆದು ತೆಗೆಯಲೇಬೇಕು.

ತೊಳೆದ ಮೇಲೆ ಉಜ್ಜದೆ, ಒಗೆದ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒತ್ತಿ ನೀರನ್ನು ತೆಗೆಯಿರಿ. ಕೊಳವೆಯ ಬಾಯಿಯನ್ನು ಗಾಯಕ್ಕೆ ತಾಗಿಸದೆ, ತೊಳೆದ ಬೆರಳಿಗೆ ಮುಲಾಮು ಹಿಂಡಿಕೊಳ್ಳಿ. ಒಂದು ಅಂಗುಲದ ಗೀರಿಗೆ ಒಂದು ಮೆಣಸಿನ ಕಾಳಿನಷ್ಟು ಸಾಕು. ಕೈಗೆ ಹೆಚ್ಚು ಬಂದರೆ ಹೆಚ್ಚು ಬೇಗ ಮಾಯುತ್ತದೆ ಎಂದು ತಿಳಿಯಬೇಡಿ. ಗಾಯದ ಮೇಲೆ ಮತ್ತು ಅದರ ಸುತ್ತ ಸ್ವಲ್ಪ ಅಗಲಕ್ಕೆ, ಚರ್ಮ ಮಿನುಗುವಷ್ಟು ತೆಳುವಾಗಿ ಸವರಿ. ಕೆಲಸಕ್ಕೆ ಹೋಗುವುದಿದ್ದರೆ ಮೇಲೆ ಗಾಜ್ ಬಟ್ಟೆ ಅಥವಾ ಪ್ಲಾಸ್ಟರ್ ಹಾಕಿ, ಅದು ಒದ್ದೆಯಾದಾಗ, ಕೊಳೆಯಾದಾಗ, ಇಲ್ಲದಿದ್ದರೆ ದಿನಕ್ಕೊಮ್ಮೆಯಾದರೂ ಬದಲಿಸಿ. ಮುಲಾಮನ್ನು ದಿನಕ್ಕೆ ಒಂದರಿಂದ ಮೂರು ಸಲ ಹಚ್ಚಿದರೆ ಸಾಕು, ಪ್ರತಿ ಸಲವೂ ಹಳೆಯ ಪದರವನ್ನು ತೊಳೆದ ಮೇಲೆಯೇ ಹೊಸದು.

‘ಗಾಯವನ್ನು ತೆರೆದಿಡಿ, ಗಾಳಿಗೆ ಒಣಗಲಿ’ ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದವರು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಚರ್ಮದ ಮೇಲೆ ಮಾಡಿದ ಪ್ರಯೋಗದಲ್ಲಿ, ತೇವ ಆರದಂತೆ ಮುಚ್ಚಿಟ್ಟ ಮೇಲ್ಪದರದ ಗಾಯಗಳ ಮೇಲೆ ಹೊಸ ಚರ್ಮವು, ತೆರೆದಿಟ್ಟ ಗಾಯಗಳಿಗಿಂತ ಸುಮಾರು ಎರಡು ಪಟ್ಟು ವೇಗವಾಗಿ ಹರಡಿದ್ದು ಕಂಡುಬಂದಿತು. ಗಟ್ಟಿ ಹಕ್ಕಳೆ ಕಟ್ಟಿದ ಕಡೆ ಹೊಸ ಜೀವಕೋಶಗಳು ಅದರ ಅಡಿಯಲ್ಲಿ ತೂರಿಕೊಂಡು ಹೋಗಬೇಕು. ತೇವವಿದ್ದರೆ ಅವು ಸಲೀಸಾಗಿ ಜಾರುತ್ತವೆ. ಮುಲಾಮಿನ ಮುಖ್ಯ ಕೆಲಸವೂ ಇದೇ. ಚರ್ಮವನ್ನು ಕೂಡಿಸುವುದು ನಮ್ಮ ದೇಹ, ಅದಕ್ಕೆ ಬೇಕಾದಷ್ಟು ತೇವವನ್ನು ಕಾಯ್ದುಕೊಡುವುದು ಮುಲಾಮು.

ಬೇಕಾದಷ್ಟು ಎಂಬ ಮಾತಿಗೆ ಕೊಡಗಿನಲ್ಲಿ ವಿಶೇಷ ಅರ್ಥವಿದೆ, ಏಕೆಂದರೆ ಇಲ್ಲಿ ಒಂದೇ ಮುಲಾಮನ್ನು ಋತುವಿಗೆ ತಕ್ಕಂತೆ ಬೇರೆ ಬೇರೆಯಾಗಿ ಬಳಸಬೇಕಾಗುತ್ತದೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬೆಳಗಿನ ಚಳಿ, ಮಧ್ಯಾಹ್ನದ ಒಣ ಬಿಸಿಲು ಎರಡೂ ಚರ್ಮದ ನೀರನ್ನು ಎಳೆಯುತ್ತವೆ. ಆಗ ಬೆರಳಿನ ಮತ್ತು ಹಿಮ್ಮಡಿಯ ಬಿರುಕುಗಳಿಗೆ ರಾತ್ರಿಯ ಹೊತ್ತು ಸರಿಯಾದ ಸಮಯ. ಕೆಲಸ ಮುಗಿಸಿ ಬಂದು ಅಂಟು ಹೋಗುವಂತೆ ಕೈ ತೊಳೆದು, ಉಗುರುಬೆಚ್ಚಗಿನ ನೀರಿನಲ್ಲಿ ಐದಾರು ನಿಮಿಷ ನೆನೆಸಿ, ನೀರು ಒತ್ತಿ ತೆಗೆದ ಕೂಡಲೇ, ಚರ್ಮ ಇನ್ನೂ ಮೆತ್ತಗಿರುವಾಗಲೇ ಮುಲಾಮನ್ನು ಬಿರುಕಿನೊಳಗೆ ಇಳಿಯುವಂತೆ ಹಚ್ಚಿ. ಕೈಗೆ ಹತ್ತಿಯ ಕೈಗವಸು, ಕಾಲಿಗೆ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಿ. ಬಿರುಕಿನ ಅಂಚು ದಪ್ಪಗಟ್ಟಿದ್ದರೆ ಬ್ಲೇಡಿನಿಂದ ಹೆರೆಯಬೇಡಿ. ನೆನೆದ ಮೇಲೆ ಒರಟು ಕಲ್ಲಿನಿಂದ ಹಗುರವಾಗಿ ತಿಕ್ಕಿದರೆ ಸಾಕು. ನಾಲ್ಕೈದು ರಾತ್ರಿಗಳಲ್ಲಿ ಉರಿ ಇಳಿಯುತ್ತದೆ, ಆದರೆ ಕೊಯ್ಲು ಮುಗಿಯುವವರೆಗೆ ಬಿಡದೆ ಮುಂದುವರಿಸದಿದ್ದರೆ ಬಿರುಕು ಮರಳಿ ಬಾಯಿ ತೆರೆಯುತ್ತದೆ.

ಮಳೆಗಾಲ ಇದಕ್ಕೆ ತಿರುಗುಮುರುಗು. ಜೂನ್‌ನಿಂದ ಆಗಸ್ಟ್‌ವರೆಗೆ ಭಾಗಮಂಡಲ, ನಾಪೋಕ್ಲು ಕಡೆ ಹಾಕಿದ ಬಟ್ಟೆ ದಿನವಿಡೀ ಆರುವುದಿಲ್ಲ, ಗಂಬೂಟಿನೊಳಗೆ ಕಾಲು ನೆನೆದು ಬಿಳಿಚಿಕೊಂಡು ಸುಕ್ಕಾಗಿರುತ್ತದೆ. ಈಗಾಗಲೇ ನೀರು ಕುಡಿದ ಚರ್ಮದ ಮೇಲೆ ಜಿಡ್ಡಿನ ಮುಲಾಮು ಮೆತ್ತಿದರೆ ಅದು ಇನ್ನಷ್ಟು ಮೆತ್ತಗಾಗಿ ಸುಲಿಯುತ್ತದೆ. ಕಾಲ್ಬೆರಳ ಸಂದಿಯಲ್ಲಿ ಬಿಳಿಯಾಗಿ ಒಡೆದು, ತುರಿಸಿ, ವಾಸನೆ ಬರುತ್ತಿದ್ದರೆ ಅದು ಬಹುತೇಕ ಶಿಲೀಂಧ್ರದ ಸೋಂಕು. ವಿಟಮಿನ್ ಮುಲಾಮಿನಿಂದ ಅದು ವಾಸಿಯಾಗದು, ಅದಕ್ಕೆ ಬೇರೆಯೇ ಔಷಧ ಬೇಕು. ಮಳೆಗಾಲದಲ್ಲಿ ಕಾಲನ್ನು ತೊಳೆದು, ಬೆರಳ ಸಂದಿಗಳನ್ನು ಒರೆಸಿ, ಅರ್ಧ ಗಂಟೆ ಒಣಗಲು ಬಿಟ್ಟು, ಆಮೇಲೆ ಗೀರು ಇರುವ ಜಾಗಕ್ಕೆ ಮಾತ್ರ ತೆಳುವಾಗಿ ಹಚ್ಚಿ. ಮಳೆ ಕಡಿಮೆ ಬೀಳುವ ಕುಶಾಲನಗರದ ಕಡೆಯವರಿಗೆ ಈ ತೊಂದರೆ ಅಷ್ಟಾಗಿ ಇರಲಾರದು.

ಜಿಗಣೆ ಕಚ್ಚಿದ ಗಾಯಕ್ಕೂ ಮುಲಾಮು ಕೂಡಲೇ ಬೇಡ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ ಕೆಲವೊಮ್ಮೆ ಗಂಟೆಗಟ್ಟಲೆ ರಕ್ತ ಒಸರುತ್ತದೆ, ಜಿಡ್ಡು ಹಚ್ಚಿದರೆ ಪ್ಲಾಸ್ಟರ್ ಕೂಡ ನಿಲ್ಲುವುದಿಲ್ಲ. ಜಿಗಣೆಯನ್ನು ಜಗ್ಗದೆ, ಉಗುರನ್ನು ಅದರ ಬಾಯಿಯ ಕೆಳಗೆ ತೂರಿಸಿ ಬಿಡಿಸಿ. ಸುಣ್ಣ ಹಚ್ಚಿದರೆ ಕಚ್ಚಿದ ಜಾಗದ ಚರ್ಮ ಸುಡುತ್ತದೆ. ತೊಳೆದು, ಒತ್ತಿ ಹಿಡಿದು, ರಕ್ತ ನಿಂತ ಮೇಲೆ ಕಟ್ಟಿ. ಮರುದಿನದಿಂದ ತುರಿಕೆ ಶುರುವಾಗುತ್ತದೆ. ಕೆರೆದು ಹುಣ್ಣು ಮಾಡಿಕೊಳ್ಳದಿರಲು ಆಗ ಮುಲಾಮಿನ ತೆಳು ಪದರ ಸ್ವಲ್ಪ ನೆರವಾಗುತ್ತದೆ.

ಸೌದೆ ಒಲೆಯ ಅಥವಾ ಬಿಸಿ ಪಾತ್ರೆಯ ಸುಟ್ಟ ಗಾಯಕ್ಕೆ ಮೊದಲ ಔಷಧ ತಣ್ಣೀರೇ: ನಲ್ಲಿಯ ನೀರಿನ ಕೆಳಗೆ 20 ನಿಮಿಷ. ಐಸ್, ಟೂತ್‌ಪೇಸ್ಟ್, ಇಂಕು ಯಾವುದೂ ಬೇಡ. ಬಿಸಿ ಪೂರ್ತಿ ಇಳಿಯುವ ಮುನ್ನ ಮುಲಾಮನ್ನೂ ಹಚ್ಚಬಾರದು, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಚರ್ಮ ಬರಿಯ ಕೆಂಪಾಗಿ ಉಳಿದಿದ್ದರೆ ಆಮೇಲೆ ಹಚ್ಚಬಹುದು. ಬೊಬ್ಬೆ ಎದ್ದಿದ್ದರೆ ಒಡೆಯದೆ ಮುಚ್ಚಿ. ಗಾಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಕೀಲು, ಗುಪ್ತಾಂಗಗಳ ಮೇಲೆ ಬೊಬ್ಬೆ ಎದ್ದಿದ್ದರೆ, ಸುಟ್ಟದ್ದು ಮಗುವಾಗಿದ್ದರೆ ಆಸ್ಪತ್ರೆಗೆ ಹೋಗಿ.

ಕತ್ತಿ ಆಳವಾಗಿ ಇಳಿದು ಬಾಯಿ ತೆರೆದ ಗಾಯ, ತುಕ್ಕು ಹಿಡಿದ ಮೊಳೆ ಚುಚ್ಚಿದ ಗಾಯ, ಸಕ್ಕರೆ ಕಾಯಿಲೆ ಇರುವವರ ಪಾದದ ಯಾವುದೇ ಗಾಯ, ಇವು ಮನೆಯ ಮುಲಾಮಿಗೆ ಸಂಬಂಧಪಟ್ಟವಲ್ಲ. ಮಣ್ಣು ಸೇರಿದ ಗಾಯವಾಗಿ, ಧನುರ್ವಾಯು ತಡೆಯಲು ಹಿಂದೆ ಹಾಕಿಸಿಕೊಂಡ ಟಿಟಿ ಚುಚ್ಚುಮದ್ದಿಗೆ 5 ವರ್ಷ ಕಳೆದಿದ್ದರೆ ಮತ್ತೊಂದು ಹಾಕಿಸಿಕೊಳ್ಳಬೇಕು. ನಾಯಿ, ಬೆಕ್ಕು ಅಥವಾ ಕೋತಿ ಕಚ್ಚಿದರೆ, ಪರಚಿದರೂ ಸಹ, ಮುಲಾಮು ಹಚ್ಚದೆ ಸೋಪು ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆಗೆ ಹೋಗಿ. ಈ ವಿಷಯದಲ್ಲಿ ನಾಳೆ ನೋಡೋಣ ಎನ್ನುವವರನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಗದ್ದೆಯ ಕೆಸರಿನಲ್ಲಿ ನಾಟಿ ಮಾಡುವವರ ಕಾಲಿನ ಗೀರಿನಿಂದ ಇಲಿ ಜ್ವರದ ರೋಗಾಣು ಒಳಹೊಗಬಹುದು. ಆದುದರಿಂದ ಗೀರು ಮಾಯುತ್ತಿದ್ದರೂ ಕೆಲವು ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ, ಗದ್ದೆಗಿಳಿದಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಕೀವು, ಹೆಚ್ಚುತ್ತಿರುವ ಬಾವು, ಮೇಲಕ್ಕೆ ಹರಿಯುವ ಕೆಂಪು ಗೆರೆ ಕಂಡರೆ ತಡಮಾಡಬಾರದು. ಏನೂ ಕಾಣದಿದ್ದರೂ ಒಂದು ವಾರದಲ್ಲಿ ಗಾಯ ಚಿಕ್ಕದಾಗದಿದ್ದರೆ ತೋರಿಸಬೇಕು.

ಕೊನೆಯದಾಗಿ ಬೆಂಕಿಯ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಹೇಳುವವರು ಕಡಿಮೆ. ಪೆಟ್ರೋಲಿಯಂ ಜೆಲ್ಲಿ ಇರುವ ಮುಲಾಮು ಬಟ್ಟೆಗೆ ಹೀರಿಕೊಂಡರೆ ಆ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ಚಳಿಯ ರಾತ್ರಿ ಮುಲಾಮು ಹಚ್ಚಿ ಕಾಲುಚೀಲ ಹಾಕಿಕೊಂಡು ಒಲೆಯ ಮುಂದೆ ಕಾಲು ಚಾಚಿ ಕುಳಿತುಕೊಳ್ಳುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಮೊದಲು ಬೆಂಕಿ ಕಾಯಿಸಿಕೊಂಡು, ಮಲಗುವ ಕೋಣೆಗೆ ಬಂದ ಮೇಲೆಯೇ ಮುಲಾಮು ಹಚ್ಚಿಕೊಳ್ಳಿ. ಕೊಳವೆಯನ್ನೂ ಒಲೆಯ ಮೇಲಿನ ಅಟ್ಟದಲ್ಲಿಡದೆ, ಮುಚ್ಚಳ ಬಿಗಿದು, ತಂಪಾದ ಒಣ ಜಾಗದಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಿ.